ನೂರ ಹದಿನೆಂಟು ಡಿಗ್ರಿ

ನನ್ನ ಬಲಮೊಣಕಾಲು ಈಗ 118 ಡಿಗ್ರಿ ಬಗ್ಗುತ್ತದೆ. ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿ, ಹೇಗೋ ಎಸ್ಸೆಸ್ಸಿ ದಾಟಿದವನು ನಾನು. ಮುಂದೆ ಓದಲಾಗಲಿಲ್ಲ. ‘ಮಗ ಒಂದು ಡಿಗ್ರಿ ಮಾಡ್ಲಿಲ್ಲ’ ಎಂದು ಕೊನೆಯವರೆಗೂ ಕೊರಗಿದ ಅಮ್ಮ ಈಗ ಇದ್ದಿದ್ದರೆ, ಮುಲುಂಡಿನ ಎರಡನೇ ಮಾಳಿಗೆಯಲ್ಲಿ ಕೂತು ಮಗ ಒಂದೊಂದಾಗಿ 118 ಡಿಗ್ರಿ ಸಂಪಾದಿಸಿದ್ದನ್ನು ನೋಡಿ ಏನೆನ್ನುತ್ತಿದ್ದಳೋ.

ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. 2016ರ ಜುಲೈ, ಧೋ ಎಂದು ಮಳೆ. ಮುಲುಂಡ್ ಸ್ಟೇಷನ್ನಿನಲ್ಲಿ ಹೊರಟೇಬಿಟ್ಟಿದ್ದ ಗಾಡಿಗೆ ಓಡಿ ಕೈಹಾಕಿದೆ. ಇಪ್ಪತ್ತೈದು ವರ್ಷ ಹಾಗೆಯೇ ಹತ್ತಿದ್ದೆ. ಅವತ್ತು ಚಪ್ಪಲಿ ಜಾರಿತು. ಹಿಂದೆ ಇನ್ನೊಂದು ಗಾಡಿ ಇರಲಿಲ್ಲವೇ ಎಂದು ಕೇಳಬೇಡಿ, ಮೂರು ನಿಮಿಷಕ್ಕೊಂದು ಇತ್ತು. ಫಲಾಟಿಗೂ, ಅಂದರೆ ಪ್ಲಾಟ್‌ಫಾರ್ಮಿಗೂ, ಡಬ್ಬಾಕ್ಕೂ ನಡುವೆ ಸೊಂಟದವರೆಗೆ ಇಳಿದುಹೋದದ್ದು, ಯಾರೋ ಶರ್ಟಿನ ಕಾಲರು ಹಿಡಿದದ್ದು, ಒಳಗಿನವರು ಚೈನು ಎಳೆದದ್ದು, ಇವೆಲ್ಲ ಆಮೇಲೆ ಬೇರೆಯವರು ಹೇಳಿ ಗೊತ್ತಾದದ್ದು. ನನಗೆ ನೆನಪಿರುವುದು ಒಂದೇ. ಬುತ್ತಿಯ ಮುಚ್ಚಳ ತೆರೆದು ನೀರುದೋಸೆಗಳು ಒದ್ದೆ ಫಲಾಟಿನ ಮೇಲೆ ಬಿದ್ದಿದ್ದವು. ‘ಅಯ್ಯೋ, ಇವಳು ಬೆಳಿಗ್ಗೆ ಐದಕ್ಕೆ ಎದ್ದು ಹೊಯ್ದದ್ದು’ ಎಂದುಕೊಂಡೆ. ಸಾಯುವ ಹೊತ್ತಿಗೆ ಇಡೀ ಬದುಕು ಕಣ್ಣ ಮುಂದೆ ಹಾಯುತ್ತದೆ ಎನ್ನುತ್ತಾರೆ. ನನಗೆ ಬರೀ ತಿಂಡಿ ಹಾಯಿತು.

ತೊಡೆಯ ಎಲುಬು ಎರಡು ತುಂಡು, ಮೊಣಗಂಟಿನ ಕೆಳಗೆ ಪುಡಿ, ನಾಲ್ಕು ಪಕ್ಕೆಲುಬು, ಮೇಲೆ ಒಡೆದ ಗುಲ್ಮ. ಗುಲ್ಮ ಎಂಬ ಅಂಗವೊಂದು ನಮ್ಮೊಳಗಿದೆ ಎಂದು ಅದನ್ನು ತೆಗೆದುಹಾಕಿದ ಮೇಲೆಯೇ ನನಗೆ ತಿಳಿದದ್ದು. ಒಳಗೇ ರಕ್ತ ಸೋರಿ ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೆಂಡತಿಗೆ ಹೇಳಿದರಂತೆ. ಅವಳಿಗೆ ಸುದ್ದಿ ಮುಟ್ಟಿಸಿದ್ದು ನನ್ನ ಫೋನಿನಿಂದಲೇ ಯಾರೋ ಅಪರಿಚಿತ. ‘ಭಾಭೀ, ಘಬರಾವೋ ಮತ್’ ಎಂದು ಆತ ಶುರುಮಾಡಿದನಂತೆ. ಈ ಊರಿನಲ್ಲಿ ಗಾಬರಿಯಾಗಬೇಡಿ ಎಂದು ಮಾತು ಶುರುವಾದರೆ ಚಪ್ಪಲಿ ಮೆಟ್ಟಿ ಹೊರಡುವುದು ಎಂದೇ ಲೆಕ್ಕ.

ಆ ಅರ್ಧ ಗಂಟೆ ಉಳಿದದ್ದು ಹೇಗೆ ಎಂದು ನಾನು ಬಹಳ ದಿನ ಯೋಚಿಸಲಿಲ್ಲ. ಸ್ಟ್ರೆಚರು ಬಂತು, ಆಂಬುಲೆನ್ಸು ಬಂತು, ಬರಬೇಕಾದದ್ದೇ ಎಂದುಕೊಂಡಿದ್ದೆ. ಆಮೇಲೆ ಹಾಸಿಗೆಯಲ್ಲಿ ಓದಲು ಪುರುಸೊತ್ತು ಸಿಕ್ಕಾಗ ಸಮೀರ್ ಝವೇರಿಯವರ ಕತೆ ತಿಳಿಯಿತು. 1989ರಲ್ಲಿ, ಇನ್ನೂ ಹದಿನೇಳರ ಹುಡುಗ, ಬೊರಿವಲಿಯ ಹತ್ತಿರ ಹಳಿಯ ಮೇಲೆ ಎರಡೂ ಕಾಲು ಕಳೆದುಕೊಂಡವರು. ಮನೆಯಲ್ಲಿ ಕೂರುವ ಬದಲು ಕೋರ್ಟಿಗೆ ನಡೆದರು, ಕೃತಕ ಕಾಲಿನಲ್ಲಿ. ಬಿದ್ದವರಿಗೆ ಮೊದಲ ಗಂಟೆಯೊಳಗೆ ಚಿಕಿತ್ಸೆ ಸಿಗಬೇಕು, ಸ್ಟೇಷನ್ನಿನಲ್ಲಿ ಆಂಬುಲೆನ್ಸು ನಿಂತಿರಬೇಕು, ತುರ್ತು ಚಿಕಿತ್ಸೆಯ ಕೋಣೆ ಇರಬೇಕು ಎಂದು ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಪಟ್ಟು ಹಿಡಿದರು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಹಾಕಿ, ಹಳಿಯ ಮೇಲೆ ಎಷ್ಟು ಜನ ಸಾಯುತ್ತಾರೆ ಎಂಬುದನ್ನು ಊರಿಗೆ ಲೆಕ್ಕ ಕೊಟ್ಟರು. ವರ್ಷಕ್ಕೆ ಈಗಲೂ ಎರಡು ಸಾವಿರ ದಾಟುತ್ತದೆ. ನನ್ನ ಹೆಸರು ಆ ಲೆಕ್ಕದ ಪಕ್ಕದ ಕಾಲಮ್ಮಿನಲ್ಲಿ, ಗಾಯಾಳುಗಳ ಸಾಲಿನಲ್ಲಿ, ಎಲ್ಲೋ ಒಂದು ಅಂಕೆಯಾಗಿ ಇರಬೇಕು.

ಏಳು ಬಾಟಲಿ ರಕ್ತ ಏರಿಸಿದ್ದರು. ಯಾರದ್ದೋ. ಮನೆಗೆ ಬಂದು ತಿಂಗಳಾದ ಮೇಲೆ ಒಂದು ದಿನ ಸಾಂಬಾರಿಗೆ ಇನ್ನಷ್ಟು ಬೆಲ್ಲ ಕೇಳಿದೆ. ಹೆಂಡತಿ ಸೌಟು ಹಿಡಿದು ನಿಂತುಬಿಟ್ಟಳು. “ನೋಡಿ, ನಾನು ಹೇಳ್ಲಿಲ್ವಾ, ಅದು ಮುಲುಂಡ್ ವೆಸ್ಟಿನ ರಕ್ತ!” ಮುಲುಂಡ್ ಪಶ್ಚಿಮ ಎಂದರೆ ಗುಜರಾತಿಗಳ ಊರು. ಅವರ ದಾಲಿಗೆ ಬೆಲ್ಲ ಬೀಳದಿದ್ದರೆ ಅದು ದಾಲೇ ಅಲ್ಲ. ನಮ್ಮ ಕಡೆಯ ಹುಳಿಗೂ ಬೆಲ್ಲ ಬೀಳುತ್ತದಲ್ಲ ಎಂದರೆ ಅವಳು ಒಪ್ಪಲಿಲ್ಲ. ಇವತ್ತಿಗೂ ಬೆಳಗಿನ ಪೇಪರಿನಲ್ಲಿ ನಾನು ಶೇರು ಮಾರುಕಟ್ಟೆಯ ಪುಟ ತೆರೆದರೆ ಅವಳಿಗೆ ಆ ಏಳು ಬಾಟಲಿಗಳ ಮೇಲೇ ಅನುಮಾನ.

ಇನ್ನು ನೋಡಲು ಬರುವವರು. ಮುಂಬಯಿಯಲ್ಲಿ ಕನ್ನಡಿಗರಿಗೆ ಊಟಕ್ಕೆ ಪುರುಸೊತ್ತಿಲ್ಲ, ಆದರೆ ಬಿದ್ದವರನ್ನು ನೋಡಲು ಇದೆ. ಭಾಂಡುಪಿನಿಂದ, ಕಲ್ವಾದಿಂದ, ದೂರದ ಮೀರಾ ರೋಡಿನಿಂದ, ಎಳನೀರು, ಮೋಸಂಬಿ, ಹಳೆಯ ‘ಕರ್ನಾಟಕ ಮಲ್ಲ’ ಪತ್ರಿಕೆಯ ಕಟ್ಟು ಹಿಡಿದು ಬಂದರು. ಬಂದವರೆಲ್ಲ ಕುರ್ಚಿ ಎಳೆದುಕೊಂಡು ಮೊದಲು ಹೇಳುತ್ತಿದ್ದದ್ದು, ಹೀಗೇ ಬಿದ್ದು ಉಳಿಯದೆ ಹೋದ ತಮ್ಮ ಪರಿಚಯದವರ ಸಮಾಚಾರ. ಒಬ್ಬರಂತೂ ಕಣ್ಣು ತುಂಬಿಕೊಂಡು, “ನಿಮಗಿಂತ ಎಷ್ಟೋ ಕಡಿಮೆ ಪೆಟ್ಟು ಮಾರಾಯ್ರೆ ಅವನಿಗೆ” ಎಂದು ನನ್ನನ್ನು ಸ್ವಲ್ಪ ಆಕ್ಷೇಪಣೆಯಿಂದಲೇ ನೋಡಿದರು. ಉಳಿದುಕೊಂಡದ್ದು ಅವರಿಗೆ ನಾನು ಮಾಡಿದ ಅನ್ಯಾಯದ ಹಾಗೆ ಕಂಡಿತೋ ಏನೋ.

ನಿಜ ಹೇಳಬೇಕೆಂದರೆ ಆಗ ನನಗೂ ಹಾಗೇ ಅನಿಸುತ್ತಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಒಂದೂವರೆಗೆ ಕೊನೆಯ ಗಾಡಿ ಹೋದ ಮೇಲೆ, ಬೆಳಗಿನ ಜಾವ ಮೊದಲ ಗಾಡಿ ಬರುವವರೆಗೆ ಮುಲುಂಡ್ ಎರಡು ಮೂರು ಗಂಟೆ ಬಾಯಿ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಎಚ್ಚರವಾಗುತ್ತಿತ್ತು. ಕಾಲು ಕಂಬದ ಹಾಗೆ ಎದುರಿಗೆ. ಸ್ನಾನಕ್ಕೆ, ಬಹಿರ್ದೆಸೆಗೆ, ಹೊರಳುವುದಕ್ಕೂ ಇನ್ನೊಬ್ಬರು. ಮೊದಲ ಗಾಡಿಯ ಹಾರ್ನು ಕೇಳಿದರೆ ಹಾಸಿಗೆಯ ಮೇಲೇ ಬೆವರು. ನಲವತ್ತೇಳು ವರ್ಷದ ಗಂಡಸು, ಕಿವಿಯ ಮೇಲೆ ದಿಂಬು ಒತ್ತಿಕೊಳ್ಳುತ್ತಿದ್ದೆ. ಇವಳು ಎಚ್ಚರವಿದ್ದೂ ನಿದ್ರೆಯಲ್ಲಿರುವ ಹಾಗೆ ಮಲಗಿರುತ್ತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದೆ ಎನ್ನುವುದು ಅವಳಿಗೂ ಗೊತ್ತಿತ್ತು. ಇದರ ಬಗ್ಗೆ ನಾವಿಬ್ಬರೂ ಇಲ್ಲಿಯವರೆಗೆ ಮಾತಾಡಿಲ್ಲ. ಇದನ್ನು ಓದಿದರೆ ಮಾತಾಡಬೇಕಾದೀತು.

ಹಾಗಿರುವಾಗ ಮನೆಗೆ ಫಿಸಿಯೋ ಹುಡುಗಿ ಬಂದಳು. ಠಾಣೆಯವಳು, ಮರಾಠಿ ಹುಡುಗಿ, ಇಪ್ಪತ್ತನಾಲ್ಕಿರಬೇಕು. ಚೀಲದಿಂದ ಎರಡು ಕೈಗಳ ಒಂದು ಪ್ಲಾಸ್ಟಿಕ್ ಕೋನಮಾಪಕ ತೆಗೆದು ನನ್ನ ಮೊಣಗಂಟಿಗೆ ಹಿಡಿದಳು. ಶಾಲೆಯ ಕಂಪಾಸ್ ಪೆಟ್ಟಿಗೆಯ ಅಣ್ಣನ ಹಾಗಿತ್ತು ಅದು. “ಕಾಕಾ, ತೀಸ್” ಎಂದಳು. ಮೂವತ್ತು ಡಿಗ್ರಿ. ಆಮೇಲೆ ಬಾಯಿಪಾಠದ ಮಗ್ಗಿಯ ಹಾಗೆ ಒಪ್ಪಿಸಿದಳು: ಸಪಾಟು ನೆಲದ ಮೇಲೆ ನಡೆಯಲು 60ರಿಂದ 65 ಬೇಕು, ಮೆಟ್ಟಿಲು ಹತ್ತಲು 85ರ ಹತ್ತಿರ, ಇಳಿಯಲು 90ರ ಮೇಲೆ, ಕುರ್ಚಿಯಿಂದ ಕೈಯೂರದೆ ಏಳಲು 100, ಕುಕ್ಕುರುಗಾಲಿನಲ್ಲಿ ಕೂರಲು 130 ದಾಟಬೇಕು.

ಇದನ್ನು ಕೇಳಿದ ಮೇಲೆ ನನಗೆ ಲೋಕವೇ ಬೇರೆಯಾಗಿ ಕಂಡಿತು. ನಾನು ಏಳು ಸಮುದ್ರದಾಚೆಯವನಾಗಿದ್ದರೆ 100ಕ್ಕೆ ಬದುಕು ಮುಗಿಯುತ್ತಿತ್ತು. ಕುರ್ಚಿ, ಮೇಜು, ಕಮೋಡು. ನಮ್ಮ ಬದುಕು ಶುರುವಾಗುವುದೇ 130ರ ಆಚೆ. ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಕೂರುವುದು, ದೇವರಿಗೆ ಅಡ್ಡಬೀಳುವುದು, ಮೆಟ್ಟುಕತ್ತಿಯ ಮುಂದೆ ತರಕಾರಿ ಹೆಚ್ಚುವುದು, ಯಕ್ಷಗಾನದ ಬಯಲಿನಲ್ಲಿ ಬೆಳಗಿನವರೆಗೆ ನೆಲಕ್ಕೆ ಕೂರುವುದು. ಜೈಪುರ ಕಾಲು ಹುಟ್ಟಿದ್ದೂ ಇದೇ ಕಾರಣಕ್ಕಂತೆ. ಹೊರಗಿನಿಂದ ಬಂದ ಕೃತಕ ಕಾಲಿಗೆ ಬೂಟು ಬೇಕು, ಕುರ್ಚಿ ಬೇಕು. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವವನಿಗೆ, ನೆಲದ ಮೇಲೆ ಕೂತು ಉಣ್ಣುವವನಿಗೆ ಅದು ಮೂಲೆಗಿಡುವ ವಸ್ತು. 1968ರಲ್ಲಿ ಜೈಪುರದ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ, ಹೆಚ್ಚು ಓದಿದವರಲ್ಲ, ಡಾ. ಪಿ. ಕೆ. ಸೇಠಿಯವರ ಜೊತೆ ಸೇರಿ ರಬ್ಬರಿನಿಂದ ಬಗ್ಗುವ ಪಾದ ಮಾಡಿದರು. ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1981ರಲ್ಲಿ. ಅದೇ ವರ್ಷ ತಿರುಚಿನಾಪಳ್ಳಿಯ ಹತ್ತಿರದ ಬಸ್ ಅಪಘಾತದಲ್ಲಿ ಮುಂಬಯಿಯ ಹದಿಹರೆಯದ ನರ್ತಕಿ ಸುಧಾ ಚಂದ್ರನ್ ಬಲಗಾಲು ಕಳೆದುಕೊಂಡದ್ದು. ಆ ರಬ್ಬರಿನ ಪಾದಕ್ಕೆ ಗೆಜ್ಜೆ ಕಟ್ಟಿ ಆಕೆ ಮತ್ತೆ ಭರತನಾಟ್ಯ ಮಾಡಿದರು. ತನ್ನ ಕತೆಯ ತೆಲುಗು ಸಿನಿಮಾ ‘ಮಯೂರಿ’ಯಲ್ಲಿ ತಾನೇ ನಟಿಸಿದರು. ಪ್ರಶಸ್ತಿ ಡಾಕ್ಟರರಿಗೆ ಹೋಯಿತು, ರಾಮಚಂದ್ರ ಶರ್ಮರ ಹೆಸರು ತಡವಾಗಿ ಜನರ ಬಾಯಿಗೆ ಬಂತು. ಹೋಟೆಲಿನಲ್ಲಿ ದೋಸೆ ಹೊಯ್ಯುವವನು ಬೇರೆ, ಗಲ್ಲಾದಲ್ಲಿ ಕೂರುವವನು ಬೇರೆ ಎಂದು ಬಾಲ್ಯದಿಂದ ಕಂಡ ನನಗೆ ಇದೇನೂ ಆಶ್ಚರ್ಯವೆನಿಸಲಿಲ್ಲ.

ಸುಧಾ ಚಂದ್ರನ್ ಹೆಸರು ಎತ್ತಿದವರೆಲ್ಲ ನನ್ನ ಕಡೆ ತಿರುಗಿ, “ಅವರಿಗೆ ಕಾಲೇ ಇರಲಿಲ್ಲ, ನಿಮಗಾದರೆ ಇದೆಯಲ್ಲ!” ಎನ್ನುತ್ತಿದ್ದರು. ಈ ಸಮಾಧಾನದಿಂದ ಯಾರ ಕಾಲೂ ಒಂದು ಡಿಗ್ರಿ ಬಗ್ಗಿದ್ದಿಲ್ಲ.

ನನ್ನದಂತೂ ಬಗ್ಗಲಿಲ್ಲ. ಹುಡುಗಿ ಒತ್ತುವಳು, ನಾನು ಕಿರುಚುವೆ. 45ಕ್ಕೆ ಬಂದು ಮೂರು ವಾರ ಅಲ್ಲೇ ಮೊಂಡು ಹಿಡಿಯಿತು. ಹೆಂಡತಿ ಬಾಗಿಲಿಗೆ ಒರಗಿ ನಿಂತು, “ಅಲ್ಲ ತಾಯಿ, ಇವರು ಹುಟ್ಟಿದ ಮೇಲೆ ಯಾರಿಗೆ ಬಗ್ಗಿದವರು? ಈಗ ಕಾಲೂ ಸ್ವಭಾವಕ್ಕೆ ಸರಿಯಾಗಿ ಕೂತಿದೆ” ಎಂದಳು, ಹಿಂದಿಯಲ್ಲಿ, ನನ್ನ ಮಾನ ಎರಡು ಭಾಷೆಗಳಲ್ಲಿ ಹೋಗಲಿ ಎಂದು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಐದು ರೂಪಾಯಿ ಕಡಿಮೆ ಕೊಟ್ಟರೆಂದು ಒಂದು ಕೆಲಸ, ಏಕವಚನದಲ್ಲಿ ಕರೆದರೆಂದು ಇನ್ನೊಂದು ಕೆಲಸ ಬಿಟ್ಟವನು ನಾನು. ಡೊಂಬಿವಲಿಯಲ್ಲಿರುವ ಭಾವನ ಜೊತೆ, ಅಂದರೆ ಅವಳ ಅಣ್ಣನ ಜೊತೆ, ಹನ್ನೊಂದು ವರ್ಷ ಮಾತು ಬಿಟ್ಟಿದ್ದೆ. ಒಂದು ಮದುವೆಯಲ್ಲಿ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದರು ಎಂಬುದು ಕಾರಣ.

ಆ ಭಾವ ಬಂದರು. ಆಸ್ಪತ್ರೆಗೆ ಮೊದಲು ಓಡಿಬಂದವರೇ ಅವರಂತೆ. ಮನೆಗೆ ಬಂದ ಮೇಲೆ ಪ್ರತಿ ರವಿವಾರ ಹತ್ತೂವರೆಗೆ ಹಾಜರು. ಬಂದು ಏನೂ ಮಾತಿಲ್ಲ. ಟೀವಿ ನೋಡುವುದು, ಚಹಾ ಕುಡಿಯುವುದು, ಹೋಗುವುದು. ಮೂರನೆಯದೋ ನಾಲ್ಕನೆಯದೋ ರವಿವಾರ ನನ್ನ ಬಲಗಾಲಿನ ಉಗುರು ನೋಡಿದರು. ಬಗ್ಗದ ಕಾಲಿನ ಉಗುರು ಕತ್ತರಿಸಲು ನನಗೆ ಕೈ ಎಟಕುವುದಿಲ್ಲ. ಇವಳಿಗೆ ಹೇಳಲು ನಾಚಿಕೆ, ಹೇಗೋ ಬೆಳೆದು ಕೂತಿತ್ತು. ಭಾವ ಎದ್ದುಹೋಗಿ ಬಿಸಿನೀರಿನ ತಟ್ಟೆ, ನೈಲ್ ಕಟರು ತಂದರು. ಸ್ಟೂಲಿನ ಮೇಲೆ ಕೂತು, ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬೆರಳು ಹಿಡಿದು ಕತ್ತರಿಸತೊಡಗಿದರು. ವಯಸ್ಸಿನಲ್ಲಿ ನನಗಿಂತ ಆರು ವರ್ಷ ದೊಡ್ಡವರು. ನಾನು ಫ್ಯಾನು ನೋಡುತ್ತ ಮಲಗಿದ್ದೆ. ಹೆಬ್ಬೆರಳಿಗೆ ಬಂದಾಗ ಕಟರು ಜಾರಿತು. “ಎಂತ ಗಟ್ಟಿ ಉಗುರು ಮಾರಾಯಾ” ಎಂದರು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು. ಸ್ವಲ್ಪ ಹೊತ್ತು ಬಿಟ್ಟು, “ಜನದ ಹಾಗೇ” ಎಂದು ಸೇರಿಸಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ನನಗೆ ಕೇಳಿತು.

ಮರುವಾರ 52 ಆಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಬಾವು ಇಳಿದದ್ದರಿಂದ ಎಂದು ಫಿಸಿಯೋ ಹುಡುಗಿ ಹೇಳಿದಳು. ಹೆಂಡತಿ ಒಪ್ಪಲಿಲ್ಲ.

ಅಲ್ಲಿಂದ ಮುಂದೆ ನನ್ನನ್ನು ಓಡಿಸಿದ್ದು ಎದುರುಮನೆಯ ಗುಜರಾತಿ ಅಜ್ಜಿ, ಎಲ್ಲರೂ ಕರೆಯುವಂತೆ ‘ಬಾ’. ಎಪ್ಪತ್ತೆಂಟು ವರ್ಷ, ಎರಡೂ ಮೊಣಕಾಲು ಬದಲಿಸಿಕೊಂಡವರು, ನನಗಿಂತ ಎರಡು ತಿಂಗಳು ಸೀನಿಯರು. ಇಬ್ಬರದೂ ವಾಕರಿನ ಸವಾರಿ ಒಂದೇ ಓಣಿಯಲ್ಲಿ. ಎದುರುಬದುರಾದಾಗ ‘ಜೈ ಶ್ರೀಕೃಷ್ಣ’ ಎಂದು ಮುಗಿಯುವುದರೊಳಗೆ, “ಆಜ್ ಕಾ ಭಾವ್ ಕ್ಯಾ?” ಎಂದು ಆ ದಿನದ ದರ ಕೇಳುವರು. ನಾನು 71 ಎಂದರೆ ಅವರು 96 ಎನ್ನುವರು. ನಾನು 80 ಮುಟ್ಟಿದ ದಿನ ಅವರು 104. ಒಂದು ವಾರ ನನ್ನದು ಎರಡು ಡಿಗ್ರಿ ಇಳಿದಾಗ, “ಬಜಾರಿನಲ್ಲಿ ಏರಿಳಿತ ಇದ್ದದ್ದೇ, ಮಾರಿಬಿಡಬೇಡ, ಹಿಡಿದುಕೊಂಡಿರು” ಎಂದು ಸಮಾಧಾನ ಮಾಡಿದರು. ಹೆಂಡತಿಯ ಅನುಮಾನದ ಏಳು ಬಾಟಲಿಗಳಲ್ಲಿ ಒಂದಾದರೂ ಈ ಮನೆತನದ್ದಿರಬೇಕು. ಬಾ ಹೇಳಿದ ಮಾತು ನನಗೆ ಅಷ್ಟು ಚೆನ್ನಾಗಿ ಅರ್ಥವಾಯಿತು. ಬಾ 125ಕ್ಕೆ ನಿಂತರು. ನನ್ನಿಂದ ಅದನ್ನು ದಾಟಲಾಗಲಿಲ್ಲ. ಅವರು ಹೋಗಿ ಈಗ ಮೂರು ವರ್ಷ. ದಾಖಲೆ ಹಾಗೇ ಇದೆ.

ಹರಕೆಯ ವಿಚಾರ ಹೇಳದಿದ್ದರೆ ಇವಳು ಬಿಡುವುದಿಲ್ಲ. ನಾನು ಐಸಿಯುನಲ್ಲಿದ್ದಾಗ ಆನೆಗುಡ್ಡೆ ಗಣಪತಿಗೆ ನನ್ನ ಪರವಾಗಿ ಉರುಳುಸೇವೆ ಹೇಳಿಕೊಂಡುಬಿಟ್ಟಿದ್ದಳು. ಮೊಣಕಾಲನ್ನು ಒಂದು ಮಾತು ಕೇಳಬಾರದಿತ್ತೇ? ಎರಡು ವರ್ಷದ ಮೇಲೆ ಮತ್ಸ್ಯಗಂಧದಲ್ಲಿ ಕುಂದಾಪುರಕ್ಕೆ ಹೋಗಿ, ಕುಂಭಾಶಿಯ ಗುಡ್ಡ ಹತ್ತಿ, ಒದ್ದೆ ಪಂಚೆಯಲ್ಲಿ ನಿಂತೆ. ಕೆಳಗೆ ಮಲಗುವುದೇ ದೊಡ್ಡ ಕೆಲಸ. ಭಾವ ಒಂದು ಕಡೆ, ಮಗ ಒಂದು ಕಡೆ ಹಿಡಿದು ಮರದ ದಿಮ್ಮಿಯನ್ನು ಇಳಿಸುವ ಹಾಗೆ ಇಳಿಸಿದರು. ಆದರೆ ಒಮ್ಮೆ ಮಲಗಿದ ಮೇಲೆ ಬಗ್ಗದ ಕಾಲಿನಷ್ಟು ಅನುಕೂಲ ಇನ್ನೊಂದಿಲ್ಲ. ಉಳಿದ ಭಕ್ತರ ಕಾಲು ಅಲ್ಲಿಲ್ಲಿ ಮಡಚಿ, ದಾರಿ ತಪ್ಪಿ ಗೋಡೆಗೆ ಹೋಗುತ್ತಿದ್ದರೆ ನಾನು ಲಟ್ಟಣಿಗೆಯ ಹಾಗೆ ನೆಟ್ಟಗೆ ಉರುಳಿದೆ. ಹಿಂದಿನಿಂದ ಯಾರೋ, “ಇವರಿಗೆ ಅಭ್ಯಾಸ ಉಂಟು ಕಾಣ್ತದೆ” ಎಂದದ್ದು ಕೇಳಿಸಿತು.

ಊಟಕ್ಕೆ ಮಾತ್ರ ನೆಲದ ಪಂಕ್ತಿ ಬಿಟ್ಟು ಪಕ್ಕದ ಟೇಬಲ್ಲಿಗೆ ಹೋಗಬೇಕಾಯಿತು. ಎರಡನೇ ಪಂಕ್ತಿಗೆಂದು ಮಾತು ಬಿಟ್ಟವನಿಗೆ ಈಗ ಯಾವ ಪಂಕ್ತಿಯೂ ಇಲ್ಲ ಎಂದುಕೊಂಡು ನೋಡುತ್ತೇನೆ, ನನ್ನ ವಯಸ್ಸಿನವರೆಲ್ಲ ಆಗಲೇ ಅಲ್ಲಿ ಕೂತಿದ್ದಾರೆ! ಯಾರೂ ಗಾಡಿಯಿಂದ ಬಿದ್ದವರಲ್ಲ, ಸುಮ್ಮನೆ ವಯಸ್ಸಾದವರು. ಭಾವ ಬಂದು ಪಕ್ಕದಲ್ಲೇ ಕೂತರು. ಅವರ ಮೊಣಕಾಲೂ ನೋಯುತ್ತದಂತೆ. ನಂಬುವುದೋ ಬಿಡುವುದೋ.

ಕೆಲಸಕ್ಕೆ ಮರಳಿದ್ದು ಹದಿನಾಲ್ಕು ತಿಂಗಳ ಮೇಲೆ. ಗಾಡಿ ಬಿಟ್ಟು ಬೇರೆ ದಾರಿ ಇಲ್ಲ. ಮುಲುಂಡಿನಿಂದ ವಿಟಿಗೆ ಮೂವತ್ತು ಕಿಲೋಮೀಟರಿನ ಮೇಲೆ, ರಸ್ತೆಯಲ್ಲಿ ಹೋದರೆ ಊಟದ ಹೊತ್ತಿಗೆ ತಲುಪಬಹುದು. ಸರ್ಟಿಫಿಕೇಟು ಮಾಡಿಸಿಕೊಂಡು ಅಪಂಗರ ಡಬ್ಬಾ ಹತ್ತಲು ಶುರುಮಾಡಿದೆ. ಕಣ್ಣಿಲ್ಲದವರಿಗೆ ತಿಳಿಯಲೆಂದು ಆ ಡಬ್ಬಾ ಬಂದು ನಿಲ್ಲುವ ಜಾಗದಲ್ಲಿ ಫಲಾಟಿನ ಮೇಲೆ ಪೀಂ ಪೀಂ ಎಂಬ ಸದ್ದು ಬರುತ್ತಿರುತ್ತದೆ. ಇಷ್ಟು ವರ್ಷ ಅದನ್ನು ಕೇಳಿಯೂ ಅದು ಏನೆಂದು ನಾನು ಕೇಳಿರಲಿಲ್ಲ. ಒಳಗೆ ಬೇರೆಯೇ ಲೋಕ. ಪೆನ್ನು ಮಾರುವ ಕುರುಡ, ಕ್ಯಾನ್ಸರಿನ ಚಿಕಿತ್ಸೆಗೆ ಟಾಟಾ ಆಸ್ಪತ್ರೆಗೆ ಹೊರಟ ಸಾತಾರಾದ ಹೆಂಗಸು, ಒಂದು ಕೈಯಲ್ಲೇ ಇಸ್ಪೀಟು ಕಲಸುವ ಬ್ಯಾಂಕಿನವನು. ಅಲ್ಲಿ ಯಾರಿಗೂ ಇನ್ನೊಬ್ಬರ ಕತೆ ಕೇಳುವ ಚಪಲವಿಲ್ಲ. ಮೂವರ ಬೆಂಚಿಗೆ ನಾಲ್ಕನೆಯವನಾಗಿ ತೂರುವ ಚೌಥಿ ಸೀಟಿಗೆ ಮಾತ್ರ ಉಳಿದ ಡಬ್ಬಾಗಳಷ್ಟೇ ಜಗಳ.

ಆ ಡಬ್ಬಾದಲ್ಲೇ ಒಮ್ಮೆ ಮೋನಿಕಾ ಮೋರೆಯ ಮಾತು ಬಂತು. 2014ರ ಜನವರಿಯಲ್ಲಿ ಘಾಟ್ಕೋಪರಿನಲ್ಲಿ ಇದೇ ಫಲಾಟು ಮತ್ತು ಡಬ್ಬಾದ ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡ ಹದಿನಾರರ ಹುಡುಗಿ. ಊರೆಲ್ಲ ಕಲಕಿಹೋಗಿತ್ತು ಆಗ. ಹೈಕೋರ್ಟು ಕೇಳಿತು, ಫಲಾಟುಗಳನ್ನು 900 ಮಿಲಿಮೀಟರಿನ ಮೇಲಕ್ಕೆ ಎತ್ತರಿಸತೊಡಗಿದರು. ಕೃತಕ ಕೈ ಹಾಕಿಕೊಂಡೇ ಆಕೆ ಓದು ಮುಂದುವರಿಸಿದಳು. 2020ರ ಆಗಸ್ಟಿನಲ್ಲಿ, ಕೋವಿಡ್ ಗಲಾಟೆಯ ನಡುವೆ, ಚೆನ್ನೈಯಲ್ಲಿ ಮೆದುಳು ನಿಷ್ಕ್ರಿಯಗೊಂಡ ಒಬ್ಬರ ಕೈಗಳು ವಿಮಾನದಲ್ಲಿ ಮುಂಬಯಿಗೆ ಬಂದವು. ಪರೇಲಿನಲ್ಲಿ ಅವನ್ನು ಆಕೆಗೆ ಜೋಡಿಸಿದರು. ಸುದ್ದಿ ಓದಿದ ಬ್ಯಾಂಕಿನವನು ಇಸ್ಪೀಟು ಕೆಳಗಿಟ್ಟು ತನ್ನ ಖಾಲಿ ತೋಳನ್ನು ಒಮ್ಮೆ ನೋಡಿಕೊಂಡ. ಆಮೇಲೆ, “ಜೋಡಿಸಿದರೆ ನನ್ನ ಎಲೆ ಹಂಚುವ ಕೈಚಳಕ ಹೋದೀತು” ಎಂದ. ಎಲ್ಲರೂ ನಕ್ಕರು, ಅವನೂ. ಆ ದಿನ ಅವನು ಆಟ ಸೋತ.

ನಾನೀಗ ಹೊರಟ ಗಾಡಿಗೆ ಓಡುವುದಿಲ್ಲ. ಓಡಲು ಬರುವುದೂ ಇಲ್ಲ ಎನ್ನಿ. ಫಲಾಟಿನ ಹಳದಿ ಗೆರೆಯಿಂದ ಎರಡು ಮಾರು ದೂರ ಬೆಂಚಿನ ಮೇಲೆ ಕೂತಿರುತ್ತೇನೆ. ಹೆಂಡತಿ ಫೋನು ಮಾಡಿ “ಹತ್ತಿದ್ರಾ?” ಎಂದರೆ “ಇನ್ನೊಂದು ಬರ್ತದೆ” ಎನ್ನುತ್ತೇನೆ. ನಲವತ್ತೇಳು ವರ್ಷ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ಮೊನ್ನೆ ಹೀಗೇ ಕೂತಿದ್ದೆ. ಠಾಣೆ ಕಡೆಯ ಗಾಡಿ ಹೊರಟಿತು. ಮೆಟ್ಟಿಲು ಇಳಿದು ಓಡಿ ಬರುತ್ತಿದ್ದ ಒಬ್ಬ ಹೆಂಗಸು, ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ. ನೋಡಿದರೆ ಫಿಸಿಯೋ ಹುಡುಗಿ! ಈಗ ಮದುವೆಯಾಗಿ ಒಂದು ಮಗುವಿದೆಯಂತೆ. “ಏ ಬೇಡ, ಬೇಡ ಮಗಾ!” ಎಂದು ಕನ್ನಡದಲ್ಲೇ ಕೂಗಿ ಎದ್ದು ನಿಂತುಬಿಟ್ಟಿದ್ದೆ, ಕೈಯೂರದೆ. ಅವಳು ಆಗಲೇ ಕಂಬಿ ಹಿಡಿದು ಜಿಗಿದಾಗಿತ್ತು. ಬಾಗಿಲಲ್ಲಿ ಎರಡು ಕೈಗಳು ಅವಳನ್ನು ಒಳಕ್ಕೆ ಎಳೆದುಕೊಂಡವು. ತಿರುಗಿ ನೋಡಿದವಳಿಗೆ ನನ್ನ ಗುರುತು ಹತ್ತಿತು. ಕೊಡೆ ಮೇಲೆತ್ತಿ ಬೀಸುತ್ತ, “ಕಾಕಾ, ಕಿತೀ ಡಿಗ್ರೀ?” ಎಂದು ಕೂಗಿದಳು.

ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಉತ್ತರ ಹೇಳಲಾಗಲಿಲ್ಲ. ಕೊನೆಯ ಡಬ್ಬಾ ದಾಟುವವರೆಗೆ ನಿಂತೇ ಇದ್ದೆ. ಆಮೇಲೆ ಕೂತೆ. ನನ್ನ ಗಾಡಿಗೆ ಇನ್ನೂ ಆರು ನಿಮಿಷವಿತ್ತು.